ಅಪ್‌ಡೇಟ್: ಆ ಬೀನ್ಸ್ ಬಗ್ಗೆ ಕೊನೆಗೂ ಕೇಳಿಯೇ ಬಿಟ್ಟೆ

ಹೋದ ವಾರ ಕೇಳಿದ್ದೆನಲ್ಲ, ಇಲ್ಲಿ ಸ್ಯಾನ್ ಹೋಸೆಯಲ್ಲಿ ಮನೆ ಹತ್ತಿರದ ಮೆಕ್ಸಿಕನ್ ಹೋಟೆಲಿನಲ್ಲಿ 3 ವರ್ಷದಿಂದ ತಿನ್ನುತ್ತಿರುವ ಬೀನ್ಸ್ ಬರಿಟೊ (ತೆಳು ರೊಟ್ಟಿಯಲ್ಲಿ ಸುತ್ತಿದ ತಿಂಡಿ) ನಿಜವಾಗಿಯೂ ಸಸ್ಯಾಹಾರಿಯಾ ಅಂತ. ಸುಮ್ನೆ ಊಹೆ ಮಾಡಬೇಡ, ಹೋಗಿ ಕೇಳು ಅಂದಿರಿ. ಕೇಳಿದೆ. ಅಲ್ಲವೇ ಅಲ್ಲ!

ಅರೆದು ಹುರಿದ ಆ ಬೀನ್ಸಿಗೆ ಹಾಕುವುದು ಮಾಂತೇಕಾ, ಅಂದರೆ ಹಂದಿ ಕೊಬ್ಬು. ಜೊತೆಗಿನ ಕೆಂಪು ಅನ್ನ ಬೇಯುವುದು ಕೋಳಿ ಸಾರಿನಲ್ಲಿ. ಅವರೇನೂ ಮೋಸ ಮಾಡಿಲ್ಲ, ಬೋರ್ಡಿನಲ್ಲಿ ಎಲ್ಲೂ ವೆಜ್ ಅಂತ ಬರೆದಿರಲಿಲ್ಲ, ಮಾಂಸದ ತುಂಡು ಕಾಣಲಿಲ್ಲ ಅಂತ ನಾನೇ ಅಂದುಕೊಂಡಿದ್ದೆ. ಎರಡು ದಿನ ಒಂಥರಾ ಕಸಿವಿಸಿ. ಅಮ್ಮನಿಗಂತೂ ಹೇಳಿಲ್ಲ.

ಆದರೆ ಆ ಹೋಟೆಲ್ ಬಿಡಲು ಮನಸ್ಸಿಲ್ಲ. ಅಡುಗೆಯಾಕೆಯೇ ದಾರಿ ಹೇಳಿದರು: ಅರೆಯದ ಕಪ್ಪು ಬೀನ್ಸಿಗೆ ಬರೀ ನೀರು, ಈರುಳ್ಳಿ, ಉಪ್ಪು. ಅದಕ್ಕೆ ಹುರಿದ ದಪ್ಪಮೆಣಸಿನಕಾಯಿ, ಗ್ವಾಕಮೋಲೆ ಅನ್ನುವ ಬೆಣ್ಣೆಹಣ್ಣಿನ ಚಟ್ನಿ, ಜೊತೆಗೆ ಮುಸುಕಿನ ಜೋಳದ ಟೋರ್ಟಿಯಾ, ಅಂದರೆ ತೆಳು ರೊಟ್ಟಿ. ಮೈದಾ ಟೋರ್ಟಿಯಾದಲ್ಲಿ ಕೆಲವು ಕಡೆ ಕೊಬ್ಬು ಇರುತ್ತದೆ. ಜೋಳದ ಟೋರ್ಟಿಯಾ ಸುಣ್ಣದ ನೀರಿನಲ್ಲಿ ಬೇಯಿಸಿದ ಮುಸುಕಿನ ಜೋಳವನ್ನು ಅರೆದು ಮಾಡಿದ್ದು, ಥೇಟ್ ನಮ್ಮ ರೊಟ್ಟಿಯ ದಾಯಾದಿ ಅಲ್ವಾ?

'ಸಿನ್ ಮಾಂತೇಕಾ', ಕೊಬ್ಬು ಬೇಡ, ಅನ್ನಲು ಕಲಿತಿದ್ದೇನೆ. ಕೆಲವು ಚೀಸಿಗೆ ಹಾಲು ಗಟ್ಟಿಯಾಗಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ ಅಂತ ನೆನಪಿಸಿದವರೇ, ನಿಮ್ಮ ದೆಸೆಯಿಂದ ಚೀಸೂ ಹೋಯಿತು.