ಸಹಾಯ ಬೇಕು: ವೇಗ ಜಾಸ್ತಿಯಾದರೆ ಮಿಸ್‌ಫೈರ್ ಸಿಗ್ನಲ್‌ನಲ್ಲಿ ಕಾಣುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾಲ್ಕು ಸಿಲಿಂಡರಿನ ಪೆಟ್ರೋಲ್ ಇಂಜಿನ್‌ನಲ್ಲಿ ಯಾವ ಸಿಲಿಂಡರ್ ಮಿಸ್ ಆಗುತ್ತಿದೆ (ಅಂದರೆ ಅದರಲ್ಲಿ ಇಂಧನ ಉರಿಯುತ್ತಿಲ್ಲ) ಎಂದು ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್) ಸೆನ್ಸರ್ ಸಿಗ್ನಲ್‌ನಿಂದ ಹಿಡಿಯಲು ನೋಡುತ್ತಿದ್ದೇನೆ. ಸೆನ್ಸರ್ ಚಕ್ರದಲ್ಲಿ 60 ಹಲ್ಲಿಗೆ ಜಾಗ, ಅದರಲ್ಲಿ 2 ಖಾಲಿ. ಪ್ರತಿ ಅರ್ಧ ಸುತ್ತಿಗೆ ಎಷ್ಟು ಹೊತ್ತು ಹಿಡಿಯಿತು ಎಂದು ಅಳೆಯುತ್ತೇನೆ. ಉರಿಯದ ಸಿಲಿಂಡರಿನ ಸರದಿ ಬಂದಾಗ ಕ್ರ್ಯಾಂಕ್ ಸ್ವಲ್ಪ ನಿಧಾನವಾಗುತ್ತದೆ, ಅಲ್ವಾ? 1 ಮತ್ತು 4ನೇ ಸಿಲಿಂಡರಿಗೆ ಅವೇ ಹಲ್ಲುಗಳು ಬರುವುದರಿಂದ ಯಾವುದರ ಸರದಿ ಎಂದು ತಿಳಿಯಲು ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್) ಸೆನ್ಸರ್ ಸಿಗ್ನಲ್ ಕೂಡ ಸೇರಿಸಿದ್ದೇನೆ.

ಪರೀಕ್ಷೆಗೆಂದು 2ನೇ ಸಿಲಿಂಡರಿಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರಿನ ಕನೆಕ್ಟರ್ ತೆಗೆದೆ. (ಕಿಡಿ ಕೊಡುವ ಕಾಯಿಲ್ ತೆಗೆಯಲಿಲ್ಲ. ಉರಿಯದ ಪೆಟ್ರೋಲ್ ಹೋದರೆ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ.) 800 ಆರ್‌ಪಿಎಂನಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. 4000ದಲ್ಲಿ ಅರ್ಧ ಸುತ್ತು 7.5 ಮಿಲಿಸೆಕೆಂಡಿನಲ್ಲಿ ಮುಗಿದುಹೋಗುತ್ತದೆ, ಏನೂ ಗೊತ್ತಾಗುವುದಿಲ್ಲ. ಹಲ್ಲುಗಳ ಅಂತರದಲ್ಲಿರುವ ಸಣ್ಣ ತಪ್ಪೇ ಕಾರಣ ಎಂದು ನನ್ನ ಅನುಮಾನ.

ಗೇರ್‌ನಲ್ಲಿದ್ದಾಗ ಆಕ್ಸಿಲರೇಟರ್ ಬಿಟ್ಟರೆ ಇಂಧನ ನಿಲ್ಲುತ್ತದೆ. ಆಗ ಯಾವ ಸಿಲಿಂಡರಿನಲ್ಲೂ ಉರಿಯುವುದಿಲ್ಲವಾದ್ದರಿಂದ, ಹಲ್ಲುಗಳ ಆ ತಪ್ಪನ್ನು ಅಳೆದು ಕಳೆಯಬೇಕೆಂದಿದ್ದೇನೆ. ಎಷ್ಟು ಸುತ್ತುಗಳ ಸರಾಸರಿ ತೆಗೆದರೆ ಸಾಕು? ಹಳ್ಳ ದಿಣ್ಣೆಯ ರಸ್ತೆಯಲ್ಲೂ ಮಿಸ್‌ಫೈರ್ ಆದಂತೆಯೇ ತೋರಿಸುತ್ತದೆ. ಅದನ್ನು ನೀವು ಹೇಗೆ ಬೇರೆ ಮಾಡುತ್ತೀರಿ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ. ಬೇಕಿದ್ದರೆ ರೆಕಾರ್ಡ್ ಮಾಡಿದ ಸಿಗ್ನಲ್ ಇಲ್ಲೇ ಹಾಕುತ್ತೇನೆ.