ತಯಾರಿಕೆಯಲ್ಲೇ ಖರ್ಚಾದ ಶಕ್ತಿಗೆ ಏನೆನ್ನೋಣ? ‘ಅಂತರ್ಗತ ಶಕ್ತಿ’ ಸರಿಯೇ?

ಎಲ್ಲರಿಗೂ ನಮಸ್ಕಾರ.

ಮೊಬೈಲ್, ಲ್ಯಾಪ್‌ಟಾಪ್‌ಗಳು ಪರಿಸರದ ಮೇಲೆ ಹೊರಿಸುವ ಹೊರೆಯ ಬಗ್ಗೆ ಹೈಸ್ಕೂಲು ಮಕ್ಕಳಿಗಾಗಿ ಒಂದು ಕಿರುಹೊತ್ತಗೆ ಬರೆಯುತ್ತಿದ್ದೇನೆ. ಇಂಗ್ಲಿಷಿನ ‘ಎಂಬಾಡೀಡ್ ಎನರ್ಜಿ’ಗೆ ಒಗ್ಗುವ ಪದ ಸಿಗದೆ ಎರಡು ವಾರದಿಂದ ಬರವಣಿಗೆ ಅಲ್ಲೇ ನಿಂತಿದೆ. ಅದಿರು ಅಗೆಯುವುದರಿಂದ ಹಿಡಿದು ಸಾಧನ ತಯಾರಾಗಿ ನಮ್ಮ ಕೈಗೆ ಬರುವ ತನಕ ಖರ್ಚಾದ ಒಟ್ಟು ಶಕ್ತಿ ಎಂಬುದು ಅದರ ಅರ್ಥ. ನಾನು ಮೊದಲು ಬರೆದಿದ್ದು ‘ಅಂತರ್ಗತ ಶಕ್ತಿ’.

ಕರಡನ್ನು ಒಂಬತ್ತನೇ ತರಗತಿಯಲ್ಲಿರುವ ಅಕ್ಕನ ಮಗಳಿಗೆ ಓದಲು ಕೊಟ್ಟೆ. ‘ಮೊಬೈಲಿನ ಅಂತರ್ಗತ ಶಕ್ತಿಯು ಅದರ ಬಳಕೆಗೆ ಬೇಕಾಗುವ ಶಕ್ತಿಗಿಂತ ಹೆಚ್ಚು’ ಎಂಬ ಸಾಲಿನ ಮೇಲೆ ಬೆರಳಿಟ್ಟು, “ಇದು ಬ್ಯಾಟರಿಯಲ್ಲಿರೋದಾ ಚಿಕ್ಕಮ್ಮ? ಹಂಗಾದ್ರೆ ಜಾಸ್ತಿ ಇದ್ದಷ್ಟೂ ಒಳ್ಳೇದಲ್ವಾ?” ಅಂದಳು. ತಪ್ಪು ಅವಳದಲ್ಲ. ‘ಅಂತರ್ಗತ’ ಅಂದರೆ ಒಳಗೆ ಇರುವುದು; ಒಳಗೆ ಇದ್ದದ್ದನ್ನು ಹೊರಗೆ ತೆಗೆದು ಬಳಸಬಹುದು ಎಂದೇ ಯಾರಿಗಾದರೂ ಅನಿಸುತ್ತದೆ. ಇಲ್ಲಿ ಆಗಿರುವುದು ನೇರ ಉಲ್ಟಾ. ಆ ಶಕ್ತಿ ಸಾಧನದೊಳಗೆ ಇಲ್ಲವೇ ಇಲ್ಲ, ಗಣಿಯಲ್ಲಿ, ಕುಲುಮೆಯಲ್ಲಿ, ಚಿಪ್ ಕಾರ್ಖಾನೆಯಲ್ಲಿ ಉರಿದು ಹೋಗಿದೆ. ‘ಹುದುಗಿದ ಶಕ್ತಿ’, ‘ಒಡಲುಗೊಂಡ ಶಕ್ತಿ’ ಎಂದರೂ ಇದೇ ತೊಡಕು. ‘ಒಡಲುಗೊಂಡ’ ಕೇಳಲು ಎಷ್ಟು ಚೆನ್ನಾಗಿದೆ! ಆದರೂ ಕೈಬಿಡಬೇಕಾಯಿತು.

ಈ ಒಂದು ಪದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣವಿದೆ. 5,000 ಮಿಲಿಆಂಪ್ ಅವರ್ ಬ್ಯಾಟರಿ ಒಂದು ಸಲ ತುಂಬಿದರೆ ಅದರಲ್ಲಿರುವುದು ಸುಮಾರು 19 ವಾಟ್ ಅವರ್. ವರ್ಷವಿಡೀ ದಿನಕ್ಕೊಂದು ಸಲ ಪೂರ್ತಿ ಚಾರ್ಜ್ ಮಾಡಿದರೂ ಏಳು ಯೂನಿಟ್. ಚಾರ್ಜರಿನಲ್ಲಿ ಬಿಸಿಯಾಗಿ ಪೋಲಾಗುವುದನ್ನು ಸೇರಿಸಿದರೂ ಹತ್ತು ಯೂನಿಟ್ ದಾಟುವುದು ಕಷ್ಟ. ಇಷ್ಟು ಓದಿದ ಮಗು ಮೊಬೈಲಿನಿಂದ ತೊಂದರೆಯೇ ಇಲ್ಲ ಎಂದುಕೊಳ್ಳುತ್ತದೆ. ಆದರೆ ಐಫೋನ್‌ಗಳ ಬಗ್ಗೆ ಆ್ಯಪಲ್ ತಾನೇ ಹೊರತರುವ ಪರಿಸರ ವರದಿಗಳಲ್ಲಿ, ಒಂದು ಫೋನಿನ ಒಟ್ಟು ಇಂಗಾಲದ ಹೊರಸೂಸುವಿಕೆಯಲ್ಲಿ ಶೇ 80ರ ಆಸುಪಾಸು ತಯಾರಿಕೆಯ ಪಾಲು. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನ ಎರಡೇ ಗ್ರಾಂ ತೂಕದ ಮೆಮೊರಿ ಚಿಪ್‌ನ ಲೆಕ್ಕ ಹಾಕಿತ್ತು: ಅದನ್ನು ತಯಾರಿಸಿ ಬಳಸಲು 1,600 ಗ್ರಾಂ ಪಳೆಯುಳಿಕೆ ಇಂಧನ, 72 ಗ್ರಾಂ ರಾಸಾಯನಿಕಗಳು, ತಯಾರಿಕೆಗೇ 32 ಕಿಲೋ ನೀರು. ಉಗುರಿನಗಲದ ವಸ್ತುವಿಗೆ ಎರಡು ಕೊಡದಷ್ಟು ನೀರು! ಇದನ್ನು ಹೇಳಬೇಕಾದ ಪದವೇ ಓದುಗರನ್ನು ಬ್ಯಾಟರಿಯ ಕಡೆಗೆ ಕಳಿಸಿದರೆ ಹೊತ್ತಗೆ ಬರೆದೂ ಏನುಪಯೋಗ?

ಹಾಗಾಗಿ ‘ಇರುವ’ ಶಕ್ತಿಯನ್ನು ಬಿಟ್ಟು ‘ಖರ್ಚಾದ’ ಶಕ್ತಿಯ ಕಡೆಗೆ ಹೊರಳಿದೆ. ಮೊದಲು ಹೊಳೆದದ್ದು ‘ತಗುಲಿದ ಶಕ್ತಿ’. ‘ಮನೆ ಕಟ್ಟಲು ಎಷ್ಟು ತಗುಲಿತು’ ಎಂದು ಕೇಳುತ್ತೇವಲ್ಲ, ಆ ಅರ್ಥದಲ್ಲಿ. ಬಹಳ ಹಿಡಿಸಿತು. ಆದರೆ ಮುಂದಿನ ಪುಟದಲ್ಲೇ ‘ಚಿಪ್ ತಯಾರಿಕೆಗೆ ತಗುಲಿದ ವಿದ್ಯುತ್’ ಎಂದು ಬರೆದು ಗಕ್ಕನೆ ನಿಂತೆ. ‘ವಿದ್ಯುತ್ ತಗುಲಿ ಸಾವು’ ಎಂದು ಪತ್ರಿಕೆಗಳಲ್ಲಿ ಓದಿ ಓದಿ, ಆ ಎರಡು ಪದ ಜೊತೆಯಾದರೆ ಕಣ್ಣಮುಂದೆ ಬರುವುದು ತುಂಡಾದ ತಂತಿಯೇ. ಸೋಂಕು ತಗುಲುವುದು, ಬೆಂಕಿ ತಗುಲುವುದು ಕೂಡ ಬೆನ್ನಿಗೇ ಇವೆ. ‘ಹಿಡಿದ ಶಕ್ತಿ’ (‘ಎರಡು ಗಂಟೆ ಹಿಡಿಯಿತು’ ಎಂಬಂತೆ) ಅಂದರೆ ಸೆರೆಹಿಡಿದ ಶಕ್ತಿ ಎಂದಾಗಿ ಮತ್ತೆ ಬ್ಯಾಟರಿಗೇ ವಾಪಸ್. ‘ಹೂಡಿದ ಶಕ್ತಿ’ ಪರವಾಗಿಲ್ಲ, ಆದರೆ ಹೂಡಿಕೆ ಅಂದ ಮೇಲೆ ಪ್ರತಿಫಲ ಬರಬೇಕು. ಸೌರಫಲಕಕ್ಕೆ ಅದು ನಿಜವಾಗಿ ಒಪ್ಪುತ್ತದೆ. ತನ್ನ ತಯಾರಿಕೆಗೆ ಹೂಡಿದಷ್ಟು ಶಕ್ತಿಯನ್ನು ಕೆಲವೇ ವರ್ಷಗಳಲ್ಲಿ ಮರಳಿ ಕೊಟ್ಟು ಮುಂದೆ ದಶಕಗಳ ಕಾಲ ದುಡಿಯುತ್ತದೆ. ಮೊಬೈಲು ಹಾಗಲ್ಲವಲ್ಲ.

ವಿವರಿಸಿ ಹೇಳಿದಾಗ ಆ ಹುಡುಗಿ, “ಮಾಡೋಕೇ ಅಷ್ಟೊಂದು ಕರೆಂಟ್ ಹೋಯ್ತಾ?” ಎಂದು ಬೆರಗಾದಳು. ಆ ‘ಹೋಯ್ತಾ’ ನನಗೆ ದಾರಿ ತೋರಿಸಿತು. (ಕರೆಂಟ್ ಒಂದೇ ಅಲ್ಲ, ಕಲ್ಲಿದ್ದಲು, ಡೀಸೆಲ್, ಅನಿಲ ಎಲ್ಲವೂ ಲೆಕ್ಕಕ್ಕೆ ಬರುವುದರಿಂದ ‘ಶಕ್ತಿ’ ಎಂದೇ ಇರಬೇಕು.) ಹೋದದ್ದು, ಮತ್ತೆ ಬಾರದ್ದು, ಅದೇ ಹೊತ್ತಿಗೆ ಬೆಲೆಯಾಗಿ ತೆತ್ತದ್ದು: ಈ ಮೂರನ್ನೂ ಹೇಳುವ ಕ್ರಿಯಾಪದ ನಮ್ಮಲ್ಲಿದೆ, ‘ಸಲ್ಲು’. ಐವತ್ತು ವರ್ಷ ಸಂದವು, ಹಣ ಸಂದಿತು. ಸಂದಾಯದಲ್ಲೂ ಅದೇ ಇದೆ. ಹಾಗಾಗಿ ‘ಸಂದ ಶಕ್ತಿ’. ಫ್ರಿಜ್ಜಿನಲ್ಲಿ ಬಳಕೆಯ ಶಕ್ತಿ ಹೆಚ್ಚು, ಸಂದ ಶಕ್ತಿ ಕಡಿಮೆ. ಮೊಬೈಲಿನಲ್ಲಿ ಅದು ತಿರುವುಮುರುವು. ಹೀಗೆ ವಾಕ್ಯದಲ್ಲಿಟ್ಟು ನೋಡಿದರೆ ನನಗಂತೂ ಒಪ್ಪಿಗೆಯಾಗುತ್ತದೆ. ಒಂದೇ ಅಳುಕು: ‘ಅವರಿಗೆ ಪ್ರಶಸ್ತಿ ಸಂದಿತು’ ಎನ್ನುವಂತೆ, ‘ಮೊಬೈಲಿಗೆ ಸಂದ ಶಕ್ತಿ’ ಎಂದರೆ ಮೊಬೈಲಿಗೆ ಏನೋ ದಕ್ಕಿತು ಎಂಬ ಅರ್ಥ ಬಂದೀತೇ?

ಇದರ ಜೊತೆಗೇ ಇನ್ನೊಂದು. ‘ಲೈಫ್ ಸೈಕಲ್’ಗೆ ‘ಜೀವನಚಕ್ರ’ ಬಳಕೆಯಲ್ಲಿದೆ. ಮಕ್ಕಳಿಗೆ ಅದು ಚಿಟ್ಟೆಯ ಪಾಠದಿಂದ ಗೊತ್ತು: ಮೊಟ್ಟೆ, ಕಂಬಳಿಹುಳು, ಕೋಶ, ಚಿಟ್ಟೆ, ಮತ್ತೆ ಮೊಟ್ಟೆ. ಸಾಧನಗಳ ಬಾಳು ಹಾಗೆ ಸುತ್ತಿ ಬರುವುದಿಲ್ಲ. 2022ರಲ್ಲಿ ಜಗತ್ತಿನಲ್ಲಿ ಹೊರಬಿದ್ದ 6.2 ಕೋಟಿ ಟನ್ ಇ-ತ್ಯಾಜ್ಯದಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇ 22.3 ಮಾತ್ರ ಎಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಉಳಿದದ್ದಕ್ಕೆ ಚಕ್ರವೆಲ್ಲಿ? ‘ಹುಟ್ಟಿನಿಂದ ಚಟ್ಟದವರೆಗೆ’ ಎಂಬ ಮಾತು ನಮ್ಮಲ್ಲಿ ಇದ್ದೇ ಇದೆ. ಅಧ್ಯಾಯದ ತಲೆಬರಹಕ್ಕೆ ಅದನ್ನೇ ಇಟ್ಟಿದ್ದೇನೆ. ಆದರೆ ‘ಲೈಫ್ ಸೈಕಲ್ ಅಸೆಸ್‌ಮೆಂಟ್’ (ಅದಿರು ಅಗೆಯುವುದರಿಂದ ಹಿಡಿದು ಕಸವಾಗುವ ತನಕ ಒಂದು ವಸ್ತು ಪರಿಸರದ ಮೇಲೆ ಹೊರಿಸುವ ಹೊರೆಯ ಲೆಕ್ಕ) ಎಂಬ ಪಾರಿಭಾಷಿಕಕ್ಕೆ ‘ಜೀವನಚಕ್ರ ಮೌಲ್ಯಮಾಪನ’ವನ್ನು ಹಾಗೇ ಉಳಿಸಿಕೊಂಡಿದ್ದೇನೆ, ಮುಂದೆ ಓದುವವರಿಗೆ ಬೇಕಾಗುತ್ತದೆಂದು. ಕೆಲವರು ಬರೆಯುವ ‘ಜೀವಿತಾವಧಿ ಮೌಲ್ಯಮಾಪನ’ ಸರಿಯಲ್ಲ ಎಂದೇ ನನ್ನ ಎಣಿಕೆ. ಜೀವಿತಾವಧಿ ಎಷ್ಟು ವರ್ಷ ಬಾಳಿತು ಎಂಬುದನ್ನಷ್ಟೇ ಹೇಳುತ್ತದೆ, ಹುಟ್ಟುವ ಮೊದಲು ಏನಾಯಿತೆಂಬುದನ್ನು ಹೇಳುವುದಿಲ್ಲ.

ನಿಮ್ಮಲ್ಲಿ ಕೇಳಬೇಕಾದದ್ದು ಇಷ್ಟು. ‘ಸಂದ ಶಕ್ತಿ’ ಓದಿದ ಕೂಡಲೇ ನಿಮಗೆ ಏನು ಅರ್ಥವಾಯಿತು? ಮೇಲಿನ ವಿವರಣೆ ಮರೆತು, ಬರೀ ಪದ ಕಂಡಂತೆ ಹೇಳಿ. ಕಮ್ಮಾರಿಕೆ, ಕುಂಬಾರಿಕೆ, ಇಟ್ಟಿಗೆ ಸುಡುವ ಕೆಲಸ ಬಲ್ಲವರು ಇಲ್ಲಿದ್ದರೆ, ಒಂದು ವಸ್ತು ತಯಾರಾಗುವಷ್ಟರಲ್ಲಿ ಉರಿದುಹೋದ ಸೌದೆ ಇದ್ದಿಲ ಲೆಕ್ಕಕ್ಕೆ ನಿಮ್ಮ ಕಸುಬಿನಲ್ಲಿ ಬೇರೆ ಹೆಸರೇನಾದರೂ ಇದೆಯೇ? ಇದ್ದರೆ ‘ಸಂದ ಶಕ್ತಿ’ಯನ್ನು ಬಿಟ್ಟು ಅದನ್ನೇ ಎತ್ತಿಕೊಳ್ಳುತ್ತೇನೆ.