ಮೇಲ್ ಸರ್ವರ್ ಹೊಸ ಮೆಷಿನ್‌ಗೆ: ಜಾಸ್ತಿ ಹೊತ್ತು ನಿಲ್ಲಿಸದೆ ಸಾಗಿಸೋದು ಹೇಗೆ?

ಪ್ರಶ್ನೆ

ಹುಬ್ಬಳ್ಳಿಯ ಸಣ್ಣ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ವಿಭಾಗ ಅಂದರೆ ನಾನೊಬ್ಬನೇ. ಈಗಿನ ಸರ್ವರ್‌ನಲ್ಲಿ ಡೆಬಿಯನ್ ಲಿನಕ್ಸ್, ಮೇಲ್ ಕಳಿಸಿ ಪಡೆಯಲು ಪೋಸ್ಟ್‌ಫಿಕ್ಸ್, ಮೇಲ್‌ಬಾಕ್ಸ್ ತೆರೆದು ಓದಲು ಡವ್‌ಕಾಟ್. 60 ಮೇಲ್‌ಬಾಕ್ಸ್, ಸುಮಾರು 400 ಜಿಬಿ, ಎಲ್ಲಾ ಮೇಲ್‌ಡಿರ್ (ಪ್ರತಿ ಮೇಲ್‌ಗೂ ಒಂದೊಂದು ಫೈಲ್). ರೇಡ್‌ನ (ಒಂದೇ ಡೇಟಾವನ್ನು ಎರಡು ಕಡೆ ಇಡುವ ವ್ಯವಸ್ಥೆ) ಎರಡು ಡಿಸ್ಕ್‌ನಲ್ಲಿ ಒಂದು ಆಗಲೇ ಸತ್ತಿದೆ. ಹೊಸ ಮೆಷಿನ್ ಅದೇ ರ‍್ಯಾಕ್‌ನಲ್ಲಿ, ಅದೇ ಇಂಟರ್ನೆಟ್ ಲೈನ್‌ನಲ್ಲಿ ಕೂರುತ್ತದೆ. ಭಾನುವಾರ ಮಾಡೋಣ ಅಂದರೆ ಸೇಲ್ಸ್‌ನವರು ಅವತ್ತೂ ಕೊಟೇಶನ್ ಕಳಿಸುತ್ತಾರೆ. ಒಂದು ಮೇಲ್ ಕೂಡ ಕಳೆಯಬಾರದು ಅಂತ ಮಾಲೀಕರು ಹೇಳಿಬಿಟ್ಟಿದ್ದಾರೆ. ಎಂಎಕ್ಸ್ (ನಮ್ಮ ಮೇಲ್ ಯಾವ ಸರ್ವರ್‌ಗೆ ಬರಬೇಕು ಅಂತ ಹೇಳುವ ದಾಖಲೆ) ಬದಲಿಸಲಾ? ಮೇಲ್‌ಬಾಕ್ಸ್ ನಕಲು ಮಾಡುವ ಇಮ್ಯಾಪ್‌ಸಿಂಕ್ ಓಡಿಸಲಾ?

ಉತ್ತರ 1

ಎರಡು ದಿನ ಮೊದಲೇ ಡಿಎನ್‌ಎಸ್‌ನ (ಹೆಸರಿಗೆ ಐಪಿ ವಿಳಾಸ ಹೇಳುವ ವ್ಯವಸ್ಥೆ) ಟಿಟಿಎಲ್, ಅಂದರೆ ಬೇರೆ ಸರ್ವರ್‌ಗಳು ಹಳೇ ಉತ್ತರವನ್ನು ನೆನಪಿಡುವ ಸೆಕೆಂಡ್‌ಗಳನ್ನು, 300ಕ್ಕೆ ಇಳಿಸಿ. ಈಗ 86400 ಇದ್ದರೆ ಕೊನೇ ಗಳಿಗೆಯಲ್ಲಿ ಇಳಿಸಿ ಪ್ರಯೋಜನವಿಲ್ಲ.

ಉತ್ತರ 2

ಅದೇ ಲೈನ್ ಅಂದಮೇಲೆ ಡಿಎನ್‌ಎಸ್ ಮುಟ್ಟಲೇಬೇಡಿ. ಹಳೇ ಐಪಿಯನ್ನೇ ಹೊಸ ಮೆಷಿನ್‌ಗೆ ಕೊಡಿ. ಪಿಟಿಆರ್ (ಐಪಿಯಿಂದ ಹೆಸರು ತೋರಿಸುವ ದಾಖಲೆ), ಎಸ್‌ಪಿಎಫ್ (ನಿಮ್ಮ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಅನ್ನುವ ದಾಖಲೆ), ಆ ಐಪಿ ಗಳಿಸಿಕೊಂಡ ಒಳ್ಳೇ ಹೆಸರು, ಎಲ್ಲಾ ಹಾಗೇ ಉಳಿಯುತ್ತವೆ.

ಬರುವ ಮೇಲ್ ಬಗ್ಗೆ ಸುಮ್ನೆ ಹೆದರಬೇಡಿ. ನಿಮ್ಮ 25ನೇ ಪೋರ್ಟ್ (ಹೊರಗಿನ ಮೇಲ್ ಬರುವ ಬಾಗಿಲು) ಒಂದು ಗಂಟೆ ಮುಚ್ಚಿದ್ದರೆ ಕಳಿಸಿದವರ ಸರ್ವರ್ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಪೋಸ್ಟ್‌ಫಿಕ್ಸ್ ಆದರೆ ಡೀಫಾಲ್ಟ್ ಆಗಿ 5 ದಿನ ಕಾಯುತ್ತದೆ. ಅಪಾಯ ಇರುವುದು ಸರ್ವರ್ ಎದ್ದು ತಪ್ಪು ಉತ್ತರ ಕೊಟ್ಟಾಗ. ಅಂಥ ಬಳಕೆದಾರರೇ ಇಲ್ಲ ಅಂತ ಅದು 550 (ಖಾಯಂ ನಿರಾಕರಣೆಯ ಸಂಖ್ಯೆ) ಅಂದರೆ ಆ ಮೇಲ್ ವಾಪಸ್ ಹೋಯಿತು ಅಂತಲೇ. ಅದಕ್ಕೇ ಮೊದಲ ದಿನ ಹೊಸ ಪೋಸ್ಟ್‌ಫಿಕ್ಸ್‌ನಲ್ಲಿ ಸಾಫ್ಟ್ ಬೌನ್ಸ್ ಆನ್ ಮಾಡಿಡಿ. ಆಗ 5ರಿಂದ ಶುರುವಾಗುವ ಉತ್ತರಗಳೆಲ್ಲ 4ಕ್ಕೆ, ಅಂದರೆ ತಾತ್ಕಾಲಿಕ ನಿರಾಕರಣೆಗೆ, ಇಳಿಯುತ್ತವೆ, ಕಳಿಸಿದವರು ಮತ್ತೆ ಬರುತ್ತಾರೆ.

ಇಮ್ಯಾಪ್‌ಸಿಂಕ್ ಬೇಡ. ಅದು ಪ್ರತಿ ಮೇಲ್‌ಗೂ ಹೊಸ ಯುಐಡಿ (ಮೇಲ್ ಗುರುತಿಸುವ ಸಂಖ್ಯೆ) ಕೊಡುತ್ತದೆ. ಸೋಮವಾರ ಬೆಳಿಗ್ಗೆ ಎಲ್ಲರ ಔಟ್‌ಲುಕ್, ಥಂಡರ್‌ಬರ್ಡ್ ಒಟ್ಟಿಗೇ 400 ಜಿಬಿ ಮತ್ತೆ ಇಳಿಸಲು ಕೂರುತ್ತವೆ. ಫೈಲ್‌ಗಳನ್ನು ಹಾಗೇ ನಕಲಿಸುವ ಆರ್‌ಸಿಂಕ್ ಬಳಸಿ, ಆ ಸಂಖ್ಯೆಗಳಿರುವ ಡವ್‌ಕಾಟ್‌ನ ಯುಐಡಿಲಿಸ್ಟ್ ಫೈಲ್ ಕೂಡ ಜೊತೆಗೇ ಬರುತ್ತದೆ. ಸರ್ವರ್ ಓಡುತ್ತಿರುವಾಗಲೇ ಒಂದು ಸುತ್ತು ಇವತ್ತೇ ಶುರು ಮಾಡಿ. ಉಳಿದ ಡಿಸ್ಕ್‌ನ ಆಯಸ್ಸು ಯಾರಿಗೆ ಗೊತ್ತು? ಆಮೇಲೆ ದಿನಾ ರಾತ್ರಿ ಒಂದು ಸುತ್ತು. ಕೊನೆಯ ಸುತ್ತಿಗೆ ಮಾತ್ರ ಹಳೆಯದರಲ್ಲಿ ಎರಡೂ ಸೇವೆ ನಿಲ್ಲಿಸಿ. ಆ ಸುತ್ತಿನಲ್ಲಿ ಡಿಲೀಟ್ ಆಪ್ಶನ್ (ಹಳೆಯದರಲ್ಲಿ ಇಲ್ಲದ ಫೈಲನ್ನು ಹೊಸದರಲ್ಲಿ ಅಳಿಸುವುದು) ಇರಲೇಬೇಕು. ಮೇಲ್‌ಡಿರ್‌ನಲ್ಲಿ ಮೇಲ್ ಓದಿದರೆ ಫೈಲಿನ ಹೆಸರೇ ಬದಲಾಗುತ್ತದೆ. ಡಿಲೀಟ್ ಇಲ್ಲದಿದ್ದರೆ ಒಂದೇ ಮೇಲ್ ಎರಡೆರಡು ಕಾಣಿಸುತ್ತದೆ.

ಡಿಕಿಮ್ ಕೀ (ಹೋಗುವ ಮೇಲ್‌ಗೆ ಸಹಿ ಹಾಕುವುದು), ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ ಫೋಲ್ಡರ್, ಪಾಸ್‌ವರ್ಡ್ ಫೈಲ್, ಏಲಿಯಸ್‌ಗಳನ್ನೂ (ಒಂದೇ ಮೇಲ್‌ಬಾಕ್ಸ್‌ನ ಬೇರೆ ವಿಳಾಸಗಳು) ಒಯ್ಯಿರಿ.

ಕೇಳಿದವರು

ಸಮಾಧಾನ ಆಯಿತು. ಹೊಸದರಲ್ಲಿ ಡೆಬಿಯನ್ 13 ಹಾಕಿದ್ದೇನೆ. ಕಾನ್ಫಿಗ್ ಫೈಲ್ ಹಾಗೇ ನಕಲು ಮಾಡಿದರೆ ಸಾಕಲ್ವಾ?

ಉತ್ತರ 3

ಸಾಲದು! 13ರಲ್ಲಿ ಬರುವುದು ಡವ್‌ಕಾಟ್ 2.4. 2.3ರ ಕಾನ್ಫಿಗ್ ಕೊಟ್ಟರೆ ಅದು ಏಳುವುದೇ ಇಲ್ಲ, ಸೆಟ್ಟಿಂಗ್‌ಗಳ ಹೆಸರೇ ಬೇರೆ. ಈಗಲೇ ಬೇರೆ ಐಪಿಯಲ್ಲಿ ಎಬ್ಬಿಸಿ, ಒಂದು ಟೆಸ್ಟ್ ಖಾತೆಯಿಂದ ಲಾಗಿನ್ ಆಗಿ ನೋಡಿ. ಅವಸರ ಇದ್ದರೆ ಡೆಬಿಯನ್ 12 ಹಾಕಿ, ಅದರಲ್ಲಿ ಇನ್ನೂ 2.3 ಇದೆ.

ಉತ್ತರ 2

ಹೌದು, ಹಾರ್ಡ್‌ವೇರ್ ಮತ್ತು ವರ್ಷನ್ ಎರಡನ್ನೂ ಒಂದೇ ರಾತ್ರಿ ಬದಲಿಸೋದು ನನಗಂತೂ ಇಷ್ಟವಿಲ್ಲ. ನಾನಾಗಿದ್ದರೆ 12.

ಇನ್ನೊಂದು. ಐಪಿ ಬದಲಿಸಿದ ಮೇಲೂ ರೌಟರ್ ಹಳೇ ಮೆಷಿನ್‌ನ ಮ್ಯಾಕ್ ವಿಳಾಸವನ್ನೇ (ನೆಟ್‌ವರ್ಕ್ ಕಾರ್ಡ್‌ನ ಗುರುತು) ಹಿಡಿದುಕೊಂಡಿರಬಹುದು. ಸಿಸ್ಕೋ ರೌಟರ್‌ಗಳ ಐಒಎಸ್ ಸಾಫ್ಟ್‌ವೇರ್‌ನಲ್ಲಿ ಇದು ಡೀಫಾಲ್ಟ್ 4 ಗಂಟೆ. ರೌಟರ್‌ನ ಎಆರ್‌ಪಿ ಟೇಬಲ್ (ಯಾವ ಐಪಿಗೆ ಯಾವ ಮ್ಯಾಕ್ ಅನ್ನುವ ಪಟ್ಟಿ) ಖಾಲಿ ಮಾಡಿ. ಹಳೇ ಮೆಷಿನ್‌ನ ಕ್ಯೂನಲ್ಲಿ (ಇನ್ನೂ ಹೋಗದ ಮೇಲ್‌ಗಳ ಸಾಲು) ಮೇಲ್ ಉಳಿದಿದ್ದರೆ ಆ ಮೆಷಿನ್‌ಗೆ ಬೇರೆ ಒಳ ಐಪಿ ಕೊಟ್ಟು, ರಿಲೇಹೋಸ್ಟ್ (ಮೇಲ್ ಮುಂದೆ ಸಾಗಿಸುವ ಸರ್ವರ್) ಅಂತ ಹೊಸದನ್ನು ತೋರಿಸಿ. ಹೊಸದರ ನಂಬಿಕೆಯ ನೆಟ್‌ವರ್ಕ್ ಪಟ್ಟಿಗೆ ಆ ಐಪಿ ಸೇರಿಸಿ. ಕ್ಯೂ ಖಾಲಿ ಆದಮೇಲೆ ಆಫ್ ಮಾಡಿ, ಆದರೆ ಡಿಸ್ಕ್ ಒಂದು ತಿಂಗಳು ಅಳಿಸಬೇಡಿ.